ಗ್ರೀನ್ ಕಾರ್ಡ್ ಸಾಕಾ, ಅಮೆರಿಕನ್ ಪೌರತ್ವ ತಗೋಬೇಕಾ? ಇಂಡಿಯನ್ ಪಾಸ್‌ಪೋರ್ಟ್ ಬಿಡುವ ಮುಂಚೆ ಹಾಕಬೇಕಾದ ಲೆಕ್ಕ

ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ವಾಸದ ಅನುಮತಿ) ಬಂದು 5 ವರ್ಷ ಆಗುತ್ತಿದ್ದ ಹಾಗೆ ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಈ ಚರ್ಚೆ ಶುರುವಾಗುತ್ತದೆ. ಸಿಟಿಜನ್‌ಶಿಪ್‌ಗೆ ಹಾಕುವುದಾ, ಇಲ್ಲ ಇಂಡಿಯನ್ ಪಾಸ್‌ಪೋರ್ಟ್ ಇಟ್ಟುಕೊಂಡೇ ಇರುವುದಾ? ಕನ್ನಡ ಕೂಟದ ಯುಗಾದಿ ಊಟದಲ್ಲಿ ಕೇಳಿ ನೋಡಿ, ಮೂರು ಮಾತು ಖಂಡಿತ ಬರುತ್ತವೆ. ಸಿಟಿಜನ್ ಆದರೆ ಟ್ಯಾಕ್ಸ್ ಜಾಸ್ತಿ ಅಂತ ಒಬ್ಬರು. ಓಸಿಐ (ಹೊರದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇದ್ದರೆ ಎರಡು ದೇಶದ ಪೌರತ್ವ ಇದ್ದ ಹಾಗೇ ಅಂತ ಇನ್ನೊಬ್ಬರು. ಮುಂದೆ ಊರಿಗೆ ವಾಪಸ್ ಹೋಗುವವರು ಅಮೆರಿಕನ್ ಪೌರತ್ವ ತಗೊಳ್ಳಲೇಬಾರದು ಅಂತ ಮತ್ತೊಬ್ಬರು.

ಮೊದಲ ಎರಡು ಸೀದಾ ತಪ್ಪು. ಮೂರನೆಯದು ಬಹಳ ಜನರ ಮಟ್ಟಿಗೆ ಉಲ್ಟಾ. ಊರಲ್ಲಿ ಅಪ್ಪ-ಅಮ್ಮನ ಜೊತೆ ಎರಡು ಮೂರು ವರ್ಷ ಇದ್ದು ಬರಬೇಕು, ಮಕ್ಕಳ ಕಾಲೇಜಿಗೆ ಮತ್ತೆ ಅಮೆರಿಕಕ್ಕೆ ಬರಬೇಕು ಅನ್ನುವ ಯೋಚನೆ ಇರುವವರಿಗೇ ಅಮೆರಿಕನ್ ಪಾಸ್‌ಪೋರ್ಟ್ ಜಾಸ್ತಿ ಉಪಯೋಗಕ್ಕೆ ಬರುವುದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮುಂದಿರುವ ದಾರಿ ಮೂರು. ಗ್ರೀನ್ ಕಾರ್ಡ್ ಜೊತೆ ಭಾರತದ ಪೌರತ್ವ ಉಳಿಸಿಕೊಳ್ಳುವುದು. ಅಮೆರಿಕನ್ ಪೌರತ್ವ ತಗೊಂಡು ಓಸಿಐ ಮಾಡಿಸುವುದು. ಇಲ್ಲ, ಗ್ರೀನ್ ಕಾರ್ಡ್ ವಾಪಸ್ ಕೊಟ್ಟು ಊರಿಗೇ ಹೋಗುವುದು. ಎಚ್-1ಬಿ ಉದ್ಯೋಗ ವೀಸಾ ಮೇಲೆ ಇನ್ನೂ ಗ್ರೀನ್ ಕಾರ್ಡ್ ಸರದಿಯಲ್ಲಿ ಇರುವವರಿಗೆ ಈ ಲೇಖನದಿಂದ ಸದ್ಯಕ್ಕೆ ಉಪಯೋಗ ಕಡಿಮೆ, ಆದರೂ ಜಮೀನಿನ ಭಾಗ ಓದಿಕೊಳ್ಳಿ.

ಟ್ಯಾಕ್ಸ್ ವಿಚಾರ ಮೊದಲೇ ಮುಗಿಸೋಣ

ಗ್ರೀನ್ ಕಾರ್ಡ್ ಇದ್ದರೂ, ಸಿಟಿಜನ್ ಆದರೂ ಅಮೆರಿಕ ನಿಮ್ಮ ಇಡೀ ಪ್ರಪಂಚದ ಆದಾಯದ ಲೆಕ್ಕ ಕೇಳುತ್ತದೆ. ಬಸವನಗುಡಿ ಮನೆಯ ಬಾಡಿಗೆ, ಎನ್‌ಆರ್‌ಒ ಖಾತೆಯ ಬಡ್ಡಿ, ಮ್ಯೂಚುವಲ್ ಫಂಡ್, ಎಲ್ಲವೂ ಸೇರಿ. ವರ್ಷದಲ್ಲಿ ಒಂದು ದಿನವಾದರೂ ಹೊರದೇಶದ ಖಾತೆಗಳ ಒಟ್ಟು ಮೊತ್ತ 10,000 ಡಾಲರ್ ದಾಟಿದರೆ ಆ ಖಾತೆಗಳ ವಿವರ ಕೊಡುವ ಎಫ್‌ಬಿಎಆರ್ ತುಂಬಬೇಕು. ಇದೂ ಇಬ್ಬರಿಗೂ ಒಂದೇ. ಹಾಗಾಗಿ ಗ್ರೀನ್ ಕಾರ್ಡ್ ಇಟ್ಟುಕೊಂಡು ಅಮೆರಿಕದಲ್ಲೇ ಇರುವವರು ಟ್ಯಾಕ್ಸ್ ಉಳಿಸಲು ಪೌರತ್ವ ಬೇಡ ಅಂದರೆ ಅದರಲ್ಲಿ ಅರ್ಥವೇ ಇಲ್ಲ.

ವ್ಯತ್ಯಾಸ ಬರುವುದು ಬಿಟ್ಟು ಹೋಗುವಾಗ. ಗ್ರೀನ್ ಕಾರ್ಡ್ ವಾಪಸ್ ಕೊಟ್ಟು, ಅದರ ಕ್ರಮ ಮುಗಿಸಿದರೆ ಅಮೆರಿಕದ ಈ ಲೆಕ್ಕವೂ ಮುಗಿಯುತ್ತದೆ. ಸಿಟಿಜನ್ ಆದವರು ಮೈಸೂರಲ್ಲಿ ಇದ್ದರೂ ಪ್ರತಿ ವರ್ಷ ಅಮೆರಿಕಕ್ಕೆ ರಿಟರ್ನ್ ಹಾಕಬೇಕು. ಭಾರತದಲ್ಲಿ ಕಟ್ಟಿದ ತೆರಿಗೆಗೆ ಅಮೆರಿಕದಲ್ಲಿ ಕ್ರೆಡಿಟ್ ಸಿಗುವುದರಿಂದ ಎರಡೆರಡು ಸಲ ಕಟ್ಟುವ ಸಂದರ್ಭ ಕಡಿಮೆ, ಆದರೆ ಕಾಗದದ ಕೆಲಸ ತಪ್ಪುವುದಿಲ್ಲ. ಇನ್ನೊಂದು ಗಮನಿಸಿ. ಕಳೆದ 15 ವರ್ಷದಲ್ಲಿ 8 ವರ್ಷ ಗ್ರೀನ್ ಕಾರ್ಡ್ ಇದ್ದು, ಆಸ್ತಿ 20 ಲಕ್ಷ ಡಾಲರ್ ಮುಟ್ಟಿದ್ದರೆ ಕಾರ್ಡ್ ಬಿಡುವಾಗಲೂ ಎಕ್ಸಿಟ್ ಟ್ಯಾಕ್ಸ್ (ಬಿಟ್ಟು ಹೋಗುವವರ ಮೇಲೆ ಹಾಕುವ ತೆರಿಗೆ) ಬರಬಹುದು. 20 ಲಕ್ಷ ಡಾಲರ್ ಅಂದರೆ ನಮಗ್ಯಾಕೆ ಅನ್ನಬೇಡಿ. ಇಲ್ಲಿನ ಮನೆ, 401ಕೆ (ನಿವೃತ್ತಿ ಉಳಿತಾಯ), ಜೊತೆಗೆ ಹಳೇ ಕಾಲದಲ್ಲಿ ತಗೊಂಡ ಬೆಂಗಳೂರಿನ ಸೈಟು ಕೂಡಿಸಿ ನೋಡಿ, ತುಂಬಾ ದೂರ ಇರುವುದಿಲ್ಲ. ಪೂರ್ತಿ ವಾಪಸ್ ಹೋಗುವ ಮನಸ್ಸಿದ್ದರೆ ಎಂಟನೇ ವರ್ಷ ಬರುವ ಮೊದಲೇ ಸಿಪಿಎ (ಅಮೆರಿಕದ ಲೆಕ್ಕಪರಿಶೋಧಕ) ಹತ್ತಿರ ಕೂತು ಮಾತಾಡಿ. ಕಾರ್ಡ್ ಇದ್ದದ್ದು ವರ್ಷದಲ್ಲಿ ಒಂದು ದಿನವಾದರೂ ಆ ವರ್ಷ ಲೆಕ್ಕಕ್ಕೆ ಸೇರುತ್ತದೆ.

ಗ್ರೀನ್ ಕಾರ್ಡ್ ಎಲ್ಲಿ ಕೈಕೊಡುತ್ತದೆ

ಗ್ರೀನ್ ಕಾರ್ಡ್ ಕೊಟ್ಟಿರುವುದು ಅಮೆರಿಕದಲ್ಲಿ ವಾಸ ಮಾಡುವುದಕ್ಕೆ. ವರ್ಷಕ್ಕೊಮ್ಮೆ ಬಂದು ಮುಖ ತೋರಿಸಿ ಹೋದರೆ ಕಾರ್ಡ್ ಉಳಿಯುತ್ತದೆ ಅನ್ನುವುದು ನಮ್ಮವರಲ್ಲಿ ಬಹಳ ಹಳೆಯ ನಂಬಿಕೆ. ಉಳಿಯಲೂಬಹುದು, ಆದರೆ ಏರ್‌ಪೋರ್ಟಿನ ಅಧಿಕಾರಿ ನೀವು ವಾಸ ಬಿಟ್ಟಿದ್ದೀರಿ ಅಂತ ಪ್ರಶ್ನೆ ಎತ್ತಿದರೆ ಉತ್ತರ ಕೊಡುವ ಭಾರ ನಿಮ್ಮದೇ. ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದರೆ ಕಾರ್ಡ್ ಒಂದನ್ನೇ ತೋರಿಸಿ ಒಳಗೆ ಬರಲು ಆಗುವುದಿಲ್ಲ. ರೀ-ಎಂಟ್ರಿ ಪರ್ಮಿಟ್ ಇದೆ. ಅದಕ್ಕೆ ಅಮೆರಿಕದಲ್ಲಿ ಇರುವಾಗಲೇ ಅರ್ಜಿ ಹಾಕಬೇಕು, ಸಿಗುವುದು ಹೆಚ್ಚೆಂದರೆ 2 ವರ್ಷಕ್ಕೆ. ಅಪ್ಪನಿಗೆ ಸ್ಟ್ರೋಕ್ ಆಗಿದೆ ಅಂತ ರಾತ್ರೋರಾತ್ರಿ ವಿಮಾನ ಹತ್ತಿದವರಿಗೆ ಪರ್ಮಿಟ್ ಹಾಕಿ ಹೋಗುವಷ್ಟು ಸಮಯ ಎಲ್ಲಿರುತ್ತದೆ ಹೇಳಿ.

ಸಿಟಿಜನ್‌ಗೆ ಈ ಗಡಿಯಾರವೇ ಇಲ್ಲ. ಶಿವಮೊಗ್ಗದಲ್ಲಿ 10 ವರ್ಷ ಇದ್ದು ಬಂದರೂ ಅಮೆರಿಕ ಒಳಗೆ ಬಿಡಲೇಬೇಕು. ಓಸಿಐ ಇದ್ದರೆ ಭಾರತದಲ್ಲಿ ಎಷ್ಟು ವರ್ಷ ಬೇಕಾದರೂ ಇರಬಹುದು, ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒ ನೋಂದಣಿಯೂ ಬೇಕಿಲ್ಲ. ಅದಕ್ಕೇ ಹೇಳಿದ್ದು, ಎರಡೂ ಕಡೆ ಓಡಾಡಿಕೊಂಡು ಇರಬೇಕು ಅನ್ನುವವರಿಗೆ ಗ್ರೀನ್ ಕಾರ್ಡ್ ಅಷ್ಟು ಕೆಟ್ಟ ಆಯ್ಕೆ ಇನ್ನೊಂದಿಲ್ಲ.

ಗಡೀಪಾರಿನ ಭಯವೂ ಗ್ರೀನ್ ಕಾರ್ಡಿಗೆ ಇದ್ದೇ ಇದೆ. ಕೆಲವು ಬಗೆಯ ಅಪರಾಧಗಳಲ್ಲಿ ಶಿಕ್ಷೆಯಾದರೆ ಎಷ್ಟು ವರ್ಷದಿಂದ ಇದ್ದರೂ ಕಳಿಸಬಹುದು. 2025ರ ಮಾರ್ಚ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರತಿಭಟನೆಗಳಲ್ಲಿ ಮುಂದಿದ್ದ ಒಬ್ಬನನ್ನು ಗ್ರೀನ್ ಕಾರ್ಡ್ ಇದ್ದರೂ ವಲಸೆ ಅಧಿಕಾರಿಗಳು ವಶಕ್ಕೆ ತಗೊಂಡರು. ಅವನ ಮಾತು ಸರಿಯೋ ತಪ್ಪೋ ಅದು ಬೇರೆ ಚರ್ಚೆ. ಮಾತಾಡುವ ಹಕ್ಕು ಕಾಗದದಲ್ಲಿ ಎಲ್ಲರಿಗೂ ಇದ್ದರೂ, ಮಾತಾಡಿದ ಮೇಲೆ ನೆಮ್ಮದಿಯಿಂದ ಮಲಗುವುದರಲ್ಲಿ ಸಿಟಿಜನ್‌ಗೂ ಉಳಿದವರಿಗೂ ವ್ಯತ್ಯಾಸ ಇದೆ.

ಓಸಿಐ ಅಂದರೆ ಪೌರತ್ವ ಅಲ್ಲ

ಭಾರತದಲ್ಲಿ ಎರಡು ಪೌರತ್ವಕ್ಕೆ ಜಾಗ ಇಲ್ಲ. ಸಂವಿಧಾನದ 9ನೇ ವಿಧಿ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಎರಡೂ ಅದನ್ನೇ ಹೇಳುತ್ತವೆ. ನೀವಾಗಿ ಇನ್ನೊಂದು ದೇಶದ ಪೌರತ್ವ ತಗೊಂಡ ಗಳಿಗೆಯಲ್ಲೇ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ವಾಪಸ್ ಕೊಡುವುದು ಆಮೇಲಿನ ಕಾಗದದ ಕೆಲಸ, ಅಷ್ಟೇ. ಅದನ್ನು ಬೀರುವಿನಲ್ಲಿ ಇಟ್ಟುಕೊಂಡು ಇನ್ನೊಂದು ಸಲ ಅದರಲ್ಲೇ ಬೆಂಗಳೂರಿಗೆ ಹೋಗಿ ಬಂದರೆ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅಪರಾಧ, ದಂಡ ಬೀಳುತ್ತದೆ.

ಓಸಿಐ 2005ರ ತಿದ್ದುಪಡಿಯಿಂದ ಬಂದದ್ದು. ಅದು ಜೀವನಪೂರ್ತಿ ವೀಸಾ, ಜೊತೆಗೆ ಕೆಲವು ಸವಲತ್ತು. ಕೆಲಸ ಮಾಡಬಹುದು, ಸೈಟು-ಫ್ಲ್ಯಾಟ್ ಕೊಳ್ಳಬಹುದು, ಡಾಕ್ಟರು, ವಕೀಲರು, ಆರ್ಕಿಟೆಕ್ಟ್, ಸಿಎ ವೃತ್ತಿ ನಡೆಸಬಹುದು. ಹಂಪಿಯಲ್ಲಿ, ಬಂಡೀಪುರದಲ್ಲಿ ಭಾರತೀಯರ ದರದಲ್ಲೇ ಟಿಕೆಟ್ (ಕೌಂಟರ್‌ನಲ್ಲಿ ಕಾರ್ಡ್ ತೋರಿಸಿ ಎರಡು ಮಾತು ವಾದ ಮಾಡಬೇಕಾದೀತು).

ಆಗದೇ ಇರುವುದು ಏನು? ಓಟಿಲ್ಲ. ಚುನಾವಣೆಗೆ ನಿಲ್ಲುವಂತಿಲ್ಲ. ಸರ್ಕಾರಿ ನೌಕರಿ ಇಲ್ಲ, ಹೈಕೋರ್ಟ್ ನ್ಯಾಯಾಧೀಶ ಆಗುವಂತಿಲ್ಲ. ಪತ್ರಿಕೋದ್ಯಮ, ಸಂಶೋಧನೆ, ಧರ್ಮಪ್ರಚಾರ, ಪರ್ವತಾರೋಹಣಕ್ಕೆ ಬೇರೆ ಅನುಮತಿ ಬೇಕು. ಅರುಣಾಚಲದಂಥ ಕಡೆಗೂ ಅನುಮತಿ ಬೇಕು. ಜಾನಪದ ಅಧ್ಯಯನ ಮಾಡಬೇಕು ಅಂತ ಉತ್ತರ ಕರ್ನಾಟಕಕ್ಕೆ ಹೊರಟ ಪ್ರೊಫೆಸರ್‌ಗಳು ಇದನ್ನು ಮೊದಲೇ ನೋಡಿಕೊಳ್ಳಿ. 2021ರ ಮಾರ್ಚ್ 4ರ ಅಧಿಸೂಚನೆ ಬಂದ ಮೇಲೆ ಓಸಿಐ ಮಕ್ಕಳಿಗೆ ನೀಟ್, ಜೆಇಇ ಮೂಲಕ ಸಿಗುವುದು ಎನ್‌ಆರ್‌ಐ ಸೀಟು ಮಾತ್ರ. ಆ ದಿನಕ್ಕಿಂತ ಮುಂಚೆ ಓಸಿಐ ಪಡೆದವರಿಗೆ ಹಳೇ ಹಕ್ಕು ಉಳಿಯುತ್ತದೆ ಅಂತ 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಲ್ಲೇ ಹುಟ್ಟಿದ ಮಕ್ಕಳು ಹೇಗೂ ಅಮೆರಿಕನ್ನರೇ, ಹಾಗಾಗಿ ಇದು ನಿಮ್ಮ ಪೌರತ್ವದ ತೀರ್ಮಾನಕ್ಕೆ ಅಷ್ಟಾಗಿ ಸಂಬಂಧಪಟ್ಟದ್ದಲ್ಲ. ಆದರೂ ಎಲ್ಲರೂ ಕೇಳುತ್ತಾರೆ, ಅದಕ್ಕೆ ಹೇಳಿದೆ.

ನನಗೆ ಇದರಲ್ಲಿ ದೊಡ್ಡದು ಅನ್ನಿಸುವುದು ಇನ್ನೊಂದು. ಹುಟ್ಟಿನಿಂದ ಬಂದ ಭಾರತದ ಪೌರತ್ವವನ್ನು ಸರ್ಕಾರ ಸುಮ್ನೆ ಕಿತ್ತುಕೊಳ್ಳುವಂತಿಲ್ಲ. ಓಸಿಐ ರದ್ದು ಮಾಡಬಹುದು. 2019ರ ತಿದ್ದುಪಡಿ ಆ ಅಧಿಕಾರವನ್ನು ಹಿಗ್ಗಿಸಿತು. ಸಮಾನತೆಯ 14ನೇ ವಿಧಿ, ಜೀವ-ಸ್ವಾತಂತ್ರ್ಯದ 21ನೇ ವಿಧಿ ಭಾರತದಲ್ಲಿರುವ ಎಲ್ಲರಿಗೂ ಇವೆ. ಆದರೆ ಮಾತಿನ, ಸಂಘಟನೆಯ ಹಕ್ಕು ಕೊಡುವ 19ನೇ ವಿಧಿ ಪೌರರಿಗೆ ಮಾತ್ರ. ವಾಪಸ್ ಹೋಗಿ ಕೆರೆ ಉಳಿಸುವ ಹೋರಾಟ, ಗ್ರಾಮ ಪಂಚಾಯಿತಿ ರಾಜಕೀಯ ಅಂತ ಕನಸು ಇದ್ದವರು ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ.

ತೋಟ, ಗದ್ದೆ, ಪಹಣಿ

ಅಡಿಕೆ ತೋಟದ ಮನೆಯವರು, ಕೊಡಗು-ಚಿಕ್ಕಮಗಳೂರಿನ ಕಾಫಿ ಎಸ್ಟೇಟ್ ಮನೆಯವರು ಇದನ್ನು ನಿಧಾನವಾಗಿ ಓದಿ. ಅತಿ ಜಾಸ್ತಿ ಗೊಂದಲ ಇರುವುದು ಇಲ್ಲೇ.

2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದುಹಾಕಿದರು. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತಾಯಿತು. ತಕ್ಷಣ ಇಲ್ಲಿಂದ ಎಷ್ಟೋ ಜನ ಸಕಲೇಶಪುರದಲ್ಲಿ ಎರಡು ಎಕರೆ ಹುಡುಕಲು ಶುರುಮಾಡಿದರು. ಆದರೆ ಎನ್‌ಆರ್‌ಐಗಳಿಗೆ ಅಡ್ಡ ಬರುವುದು ರಾಜ್ಯದ ಕಾನೂನಲ್ಲ, ಕೇಂದ್ರದ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ). ಅದರ ಪ್ರಕಾರ ಎನ್‌ಆರ್‌ಐ ಆಗಲಿ, ಓಸಿಐ ಆಗಲಿ ಕೃಷಿ ಭೂಮಿ, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವಂತಿಲ್ಲ. ಅಂದರೆ ಅಮೆರಿಕದಲ್ಲಿ ಇರುವಷ್ಟು ದಿನ ಗ್ರೀನ್ ಕಾರ್ಡ್‌ಗೂ ಸಿಟಿಜನ್‌ಗೂ ಈ ವಿಷಯದಲ್ಲಿ ಏನೂ ವ್ಯತ್ಯಾಸ ಇಲ್ಲ.

ವ್ಯತ್ಯಾಸ ಕಾಣುವುದು ಊರಿಗೆ ಮರಳಿದ ಮೇಲೆ. ಇಂಡಿಯನ್ ಪಾಸ್‌ಪೋರ್ಟ್ ಇರುವವರು ವಾಪಸ್ ಬಂದು ನೆಲೆ ನಿಂತರೆ ಅವರು ಮತ್ತೆ ಸಾಮಾನ್ಯ ನಿವಾಸಿ, ಜಮೀನು ಕೊಳ್ಳಲು ಅಡ್ಡಿಯಿಲ್ಲ. ಓಸಿಐ ಇರುವವರಿಗೆ ವಾಪಸ್ ಬಂದ ಮೇಲೂ ಕೃಷಿ ಜಮೀನಿನ ಬಾಗಿಲು ಮುಚ್ಚಿಯೇ ಇರುತ್ತದೆ.

ಹಿರಿಯರ ಆಸ್ತಿ? ಪಿತ್ರಾರ್ಜಿತವಾಗಿ, ಇಲ್ಲ ವಿಲ್ ಮೂಲಕ ಬರುವ ಜಮೀನನ್ನು ಇಬ್ಬರೂ ಪಡೆಯಬಹುದು. ಪೌತಿ ಖಾತೆ ಮಾಡಿಸಿ ಪಹಣಿಯಲ್ಲಿ ಹೆಸರು ಹತ್ತಿಸಿಕೊಳ್ಳಬಹುದು. ಎಡವುವುದು ದಾನಪತ್ರದಲ್ಲಿ. ನಾನಿರುವಾಗಲೇ ಮಕ್ಕಳಿಗೆ ಹಂಚಿಬಿಡುತ್ತೇನೆ, ಆಮೇಲೆ ಜಗಳ ಬೇಡ ಅಂತ ಅಪ್ಪ ದಾನಪತ್ರ ಬರೆಸಲು ಹೊರಡುತ್ತಾರೆ. ಒಳ್ಳೆ ಮನಸ್ಸೇ. ಆದರೆ ಕೃಷಿ ಭೂಮಿಯನ್ನು ದಾನವಾಗಿ ಪಡೆಯುವುದಕ್ಕೆ ಎನ್‌ಆರ್‌ಐಗೂ ಅವಕಾಶ ಇಲ್ಲ, ಓಸಿಐಗೂ ಇಲ್ಲ. ವಿಲ್ ಬರೆಸಿ ಅನ್ನಿ. ಮುಂದೆ ಆ ಜಮೀನು ಮಾರುವುದಾದರೆ ಭಾರತದಲ್ಲಿ ನೆಲೆಸಿರುವ ಭಾರತೀಯ ಪೌರರಿಗೇ ಮಾರಬೇಕು. ಚಿಕಾಗೋದಲ್ಲಿರುವ ಚಿಕ್ಕಪ್ಪನ ಮಗನಿಗೆ ಮಾರುವಂತಿಲ್ಲ.

ಕೆಲವು ಮನೆಗಳಲ್ಲಿ ಗಂಡ-ಹೆಂಡತಿ ಒಬ್ಬರು ಸಿಟಿಜನ್ ಆಗಿ, ಇನ್ನೊಬ್ಬರು ಇಂಡಿಯನ್ ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾರೆ. ಮುಂದೆ ಊರಲ್ಲಿ ತೋಟ ಮಾಡುವ ಗಟ್ಟಿ ಯೋಚನೆ ಇದ್ದರೆ ಇದು ಜಾಣತನವೇ. ಏರ್‌ಪೋರ್ಟ್‌ನಲ್ಲಿ ಎರಡು ಬೇರೆ ಸಾಲು, ಅಷ್ಟೇ ತೊಂದರೆ. ಬಹಳ ದೊಡ್ಡ ಆಸ್ತಿ ಇದ್ದವರು ಮಾತ್ರ ಎಸ್ಟೇಟ್ ಟ್ಯಾಕ್ಸ್ ನೋಡಿಕೊಳ್ಳಬೇಕು. ಸಿಟಿಜನ್ ಅಲ್ಲದ ಸಂಗಾತಿಗೆ ಅಲ್ಲಿ ರಿಯಾಯಿತಿ ಕಡಿಮೆ.

ಮನೆಯವರನ್ನು ಕರೆಸಿಕೊಳ್ಳುವುದು

ಗ್ರೀನ್ ಕಾರ್ಡ್ ಇದ್ದವರು ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಹಾಕುವಂತಿಲ್ಲ. 21 ತುಂಬಿದ ಸಿಟಿಜನ್ ಹಾಕಬಹುದು, ಅದಕ್ಕೆ ದೇಶವಾರು ಸರದಿ ಇಲ್ಲ. ಅಣ್ಣ-ತಮ್ಮ, ಅಕ್ಕ-ತಂಗಿಗೂ ಹಾಕಬಹುದು, ಆದರೆ ಭಾರತೀಯರಿಗೆ ಆ ಸರದಿ 15 ವರ್ಷ ದಾಟಿ ಹೋಗುತ್ತದೆ. ಅವರ ಮಕ್ಕಳಿಗೆ ಅಷ್ಟರಲ್ಲಿ ಮದುವೆ ವಯಸ್ಸಾಗಿರುತ್ತದೆ. ಊರಿಗೆ ಹೋಗಿ ಮದುವೆಯಾಗಿ ಬರುವ ಹುಡುಗ-ಹುಡುಗಿಯರಿಗೂ ಸಿಟಿಜನ್ ಆಗಿದ್ದರೆ ಅನುಕೂಲ. ಗ್ರೀನ್ ಕಾರ್ಡಿನವರ ಸಂಗಾತಿ ಸರದಿಯಲ್ಲಿ ಕಾಯಬೇಕು.

ಅಪ್ಪ-ಅಮ್ಮನ ವಿಷಯದಲ್ಲಿ ಒಂದು ಮಾತು. ಬಹಳ ಜನ ಇದೊಂದೇ ಕಾರಣಕ್ಕೆ ಸಿಟಿಜನ್ ಆಗುತ್ತಾರೆ. ಆದರೆ ಅವರಿಗೆ ಸಿಗುವುದೂ ಗ್ರೀನ್ ಕಾರ್ಡೇ, ಅವರೂ ಇಲ್ಲೇ ವಾಸ ಮಾಡಬೇಕು. ಹಿಮ ಬೀಳುವಾಗ ಊರು, ಬೇಸಿಗೆಗೆ ಇಲ್ಲಿ ಅನ್ನುವ ಅಪ್ಪ-ಅಮ್ಮನಿಗೆ ವಿಸಿಟರ್ ವೀಸಾನೇ ಚೆನ್ನ. 65 ದಾಟಿದರೂ ಮೆಡಿಕೇರ್‌ಗೆ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ದುಡ್ಡು ಕೊಟ್ಟು ಸೇರಲು 5 ವರ್ಷ ಇಲ್ಲಿ ವಾಸ ಆಗಿರಬೇಕು. ಅಲ್ಲಿವರೆಗೆ ಇನ್ಶೂರೆನ್ಸ್ ಖರ್ಚು ನಿಮ್ಮ ತಲೆ ಮೇಲೆ. ಮೊದಲು ಅವರನ್ನು ಕೇಳಿ.

ಓಟು, ಜ್ಯೂರಿ, ಕರ್ತವ್ಯ

ಎನ್‌ಆರ್‌ಐಗಳಿಗೆ ಭಾರತದಲ್ಲಿ ಓಟು ಇದೆ. ಫಾರಂ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು. ಆದರೆ ಮತಗಟ್ಟೆಗೆ ಖುದ್ದಾಗಿ ಹೋಗಬೇಕು. 2023ರ ಮೇ 10ರ ವಿಧಾನಸಭೆ ಚುನಾವಣೆಗೆ ನ್ಯೂಜೆರ್ಸಿಯಿಂದ ಹಾರಿ ಬಂದು ಓಟು ಹಾಕುವವರು ಎಷ್ಟು ಜನ? ಅದೇ ಅಮೆರಿಕನ್ ಸಿಟಿಜನ್ ಬೆಂಗಳೂರಲ್ಲಿ ಕೂತುಕೊಂಡೇ ಅಂಚೆ ಮತಪತ್ರ ತರಿಸಿ ಅಧ್ಯಕ್ಷರ ಚುನಾವಣೆಗೆ ಓಟು ಹಾಕಬಹುದು. ಗ್ರೀನ್ ಕಾರ್ಡಿನವರು ಮಾತ್ರ ಎರಡೂ ಕಡೆ ಟ್ಯಾಕ್ಸ್ ಲೆಕ್ಕ ಕೊಟ್ಟು, ಒಂದು ಕಡೆ ಓಟಿಲ್ಲದೆ, ಇನ್ನೊಂದು ಕಡೆ ಇದ್ದೂ ಹಾಕಲಾಗದೆ ಕೂತಿರುತ್ತಾರೆ. ನನ್ನ ಮಟ್ಟಿಗೆ ಪೌರತ್ವ ತಗೊಳ್ಳಲು ಇದೇ ಎಲ್ಲಕ್ಕಿಂತ ಗಟ್ಟಿ ಕಾರಣ. ನಿಮ್ಮ ಮಕ್ಕಳ ಶಾಲೆಯ ಬೋರ್ಡಿಗೆ ಯಾರು ಬರಬೇಕು ಅನ್ನುವುದರಲ್ಲಾದರೂ ನಿಮ್ಮ ಮಾತು ನಡೆಯಬೇಕಲ್ವಾ?

ಗ್ರೀನ್ ಕಾರ್ಡ್ ಇದ್ದು ತಪ್ಪಾಗಿ ಓಟು ಹಾಕಿದರೆ ಗಡೀಪಾರಿಗೇ ದಾರಿ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ವೋಟರ್ ನೋಂದಣಿ ಮಾಡಬೇಕಾ ಅಂತ ಕೇಳುತ್ತಾರೆ. ಸಿಟಿಜನ್ ಆಗುವವರೆಗೆ ಬೇಡ ಅನ್ನಿ.

ಕರ್ತವ್ಯಗಳಲ್ಲಿ ಹೊಸದಾಗಿ ಸೇರುವುದು ಜ್ಯೂರಿ, ಅಂದರೆ ಕೋರ್ಟಿನಲ್ಲಿ ಮೊಕದ್ದಮೆ ಕೇಳಿ ತೀರ್ಮಾನ ಹೇಳುವ ಪೌರರ ತಂಡ. ಕರೆ ಬಂದರೆ ಹೋಗಬೇಕು. ಫೆಡರಲ್ ಕೋರ್ಟ್ ದಿನಕ್ಕೆ 50 ಡಾಲರ್ ಕೊಡುತ್ತದೆ, ಪಾರ್ಕಿಂಗ್‌ಗೆ, ಊಟಕ್ಕೆ ಸರಿಹೋಗುತ್ತದೆ. ಸೆಲೆಕ್ಟಿವ್ ಸರ್ವಿಸ್ (ಕಡ್ಡಾಯ ಸೇನಾ ಸೇವೆಯ ಪಟ್ಟಿಗೆ ನೋಂದಣಿ) ಹೊಸದಲ್ಲ. 18ರಿಂದ 25ರ ಗಂಡುಮಕ್ಕಳಿಗೆ ಗ್ರೀನ್ ಕಾರ್ಡ್ ಇದ್ದರೂ ಅದು ಇದ್ದೇ ಇದೆ. ಪ್ರಮಾಣವಚನದಲ್ಲಿ ಹಿಂದಿನ ದೇಶದ ನಿಷ್ಠೆ ಬಿಡುತ್ತೇನೆ, ಕಾನೂನು ಕೇಳಿದಾಗ ಈ ದೇಶಕ್ಕಾಗಿ ಆಯುಧ ಹಿಡಿಯುತ್ತೇನೆ ಅಂತ ಬಾಯಿಬಿಟ್ಟು ಹೇಳಬೇಕು. ಇದನ್ನು ಸುಮ್ನೆ ಶಾಸ್ತ್ರ ಅಂದುಕೊಳ್ಳಬೇಡಿ. ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನಿಸಿದರೆ ಗ್ರೀನ್ ಕಾರ್ಡಿನಲ್ಲೇ ಇರಿ, ಯಾರೂ ಬಲವಂತ ಮಾಡುವುದಿಲ್ಲ. 10 ವರ್ಷಕ್ಕೊಮ್ಮೆ ಐ-90 ಹಾಕಿ ಕಾರ್ಡ್ ಹೊಸದು ಮಾಡಿಸಿಕೊಂಡರೆ ಆಯಿತು.

ಹಾಕುವುದೇ ಅಂತಾದರೆ

ಗ್ರೀನ್ ಕಾರ್ಡ್ ಬಂದು 5 ವರ್ಷ, ಅದರಲ್ಲಿ 30 ತಿಂಗಳು ಅಮೆರಿಕದಲ್ಲೇ ಇರಬೇಕು. ಸಿಟಿಜನ್‌ನ ಮದುವೆಯಾಗಿ ಜೊತೆಗಿದ್ದರೆ 3 ವರ್ಷ, ಅದರಲ್ಲಿ 18 ತಿಂಗಳು ಇಲ್ಲಿ ಇದ್ದರೆ ಸಾಕು. ಒಂದೇ ಸಲ 6 ತಿಂಗಳು ದಾಟಿ ಊರಲ್ಲಿ ಇದ್ದಿದ್ದರೆ ವಾಸ ಮುರಿದಿಲ್ಲ ಅಂತ ದಾಖಲೆ ಕೊಡಬೇಕಾಗುತ್ತದೆ. ಪೌರತ್ವದ ಎನ್-400 ಅರ್ಜಿಯನ್ನು ಈ 5 ಅಥವಾ 3 ವರ್ಷ ತುಂಬುವ 90 ದಿನ ಮುಂಚೆಯೇ ಹಾಕಬಹುದು. 2024ರ ಏಪ್ರಿಲ್‌ನಿಂದ ಆನ್‌ಲೈನ್ ಶುಲ್ಕ 710 ಡಾಲರ್, ಕಾಗದದಲ್ಲಾದರೆ 760.

2025ರ ಅಕ್ಟೋಬರ್ 20ರಿಂದ ಹಾಕಿದವರಿಗೆ ಹೊಸ ಸಿವಿಕ್ಸ್ (ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ) ಪರೀಕ್ಷೆ. 128 ಪ್ರಶ್ನೆಗಳ ಪಟ್ಟಿಯಿಂದ 20 ಕೇಳುತ್ತಾರೆ, 12 ಸರಿ ಹೇಳಬೇಕು. 50 ದಾಟಿ ಗ್ರೀನ್ ಕಾರ್ಡಿನಲ್ಲಿ 20 ವರ್ಷ ಇದ್ದವರಿಗೆ, 55 ದಾಟಿ 15 ವರ್ಷ ಇದ್ದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ, ದುಭಾಷಿ ಇಟ್ಟುಕೊಂಡು ಸಿವಿಕ್ಸ್ ಉತ್ತರ ಕನ್ನಡದಲ್ಲೇ ಹೇಳಬಹುದು. ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯುವ ಅಮ್ಮಂದಿರಿಗೆ ಇದನ್ನು ಹೇಳಿ. 18 ತುಂಬದ, ಗ್ರೀನ್ ಕಾರ್ಡ್ ಇರುವ, ನಿಮ್ಮ ಜೊತೆ ಇಲ್ಲೇ ಇರುವ ಮಕ್ಕಳು ನೀವು ಸಿಟಿಜನ್ ಆದ ದಿನವೇ ತಾವಾಗಿ ಸಿಟಿಜನ್ ಆಗುತ್ತಾರೆ. ಹಾಗಾಗಿ ಮಗುವಿಗೆ 17 ದಾಟಿದ್ದರೆ ತಡ ಮಾಡಬೇಡಿ.

ಹೆಸರಿನ ಬಗ್ಗೆ ಎಚ್ಚರ. ಪೌರತ್ವದ ಜೊತೆ ಹೆಸರು ಬದಲಿಸಿಕೊಳ್ಳುವ ಅವಕಾಶ ಕೊಡುತ್ತಾರೆ. ಊರಿನ ಹೆಸರು, ಅಪ್ಪನ ಹೆಸರು, ಇನಿಷಿಯಲ್ಲು ಎಲ್ಲ ಸೇರಿ ಉದ್ದವಾದ ನಮ್ಮ ಹೆಸರು ಕತ್ತರಿಸಿಬಿಡೋಣ ಅನ್ನಿಸುವುದು ಸಹಜ. ಆದರೆ ಆಮೇಲೆ ಪ್ಯಾನ್, ಬ್ಯಾಂಕ್, ಖಾತಾ, ಪಹಣಿ ಎಲ್ಲದರಲ್ಲೂ ಹಳೇ ಹೆಸರು, ಓಸಿಐಯಲ್ಲಿ ಹೊಸ ಹೆಸರು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಹಿಡಿದು ಅಲೆಯಬೇಕು. ಊರಲ್ಲಿ ಆಸ್ತಿ ಇದ್ದರೆ ಹೆಸರು ಮುಟ್ಟಬೇಡಿ.

ಪ್ರಮಾಣವಚನದ ದಿನ ಗ್ರೀನ್ ಕಾರ್ಡ್ ಅಲ್ಲೇ ತಗೊಳ್ಳುತ್ತಾರೆ. ಇಂಡಿಯನ್ ಪಾಸ್‌ಪೋರ್ಟ್ ಬಳಸುವಂತಿಲ್ಲ, ಅಮೆರಿಕನ್ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ. ಆ ನಡುವೆ ತಂಗಿ ಮದುವೆಗೆ ಟಿಕೆಟ್ ಬುಕ್ ಮಾಡಿಟ್ಟುಕೊಳ್ಳಬೇಡಿ. ಮೊದಲು ಅಮೆರಿಕನ್ ಪಾಸ್‌ಪೋರ್ಟ್, ಆಮೇಲೆ ಹಳೇ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್, ಆಮೇಲೆ ಓಸಿಐ, ಇದೇ ಕ್ರಮ. ಓಸಿಐ ಕೈಗೆ ಬರುವವರೆಗೆ ಭಾರತಕ್ಕೆ ವೀಸಾ ಬೇಕು. ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಇದ್ದರೆ ಫಾರಂ 7 ಹಾಕಿ ತೆಗೆಸಿ, ಯಾರೂ ಬಂದು ತಾವಾಗಿ ತೆಗೆಯುವುದಿಲ್ಲ.